ಸಡಾದ ಓಣಿಯಲ್ಲಿ ಸಹಾಯದ ಹಾವಳಿ

ನನ್ನ ಎರಡೂ ಕಾಲು ನಡೆಯುವುದಿಲ್ಲ. ಆದರೆ ನನ್ನ ಸುತ್ತ ಏನಾದರೊಂದು ನಡೆಯುತ್ತಲೇ ಇರುತ್ತದೆ. ಬೇರೆಯವರಿಗೆ ವರ್ಷಕ್ಕೊಮ್ಮೆ ಆಗುವಂಥವು ನನಗೆ ವಾರಕ್ಕೊಮ್ಮೆ ಆಗುತ್ತವೆ. ಅದರಲ್ಲಿ ನನ್ನ ತಪ್ಪು ಏನೂ ಇಲ್ಲ, ಎಲ್ಲಾ ನಮ್ಮ ಓಣಿಯವರದು.

ವಿಜಾಪುರ ಕಡೆಯ ಹಳ್ಳಿಯಲ್ಲಿ ನಾನು ಕೂಸಾಗಿದ್ದಾಗ ಪೋಲಿಯೋ ಬಂತು. ಅದಾದ ಮೇಲೆ ಅಪ್ಪ, ಅವ್ವ ನನ್ನನ್ನು ಬಗಲಲ್ಲಿ ಎತ್ತಿಕೊಂಡು ಗೋವಾಕ್ಕೆ ದುಡಿಯಲು ಬಂದರು. ಅಪ್ಪ ಬಂದರಿನಲ್ಲಿ ಹಮಾಲಿ, ಅವ್ವ ಕಟ್ಟಡದ ಕೆಲಸಕ್ಕೆ. ಮನೆ ಮಾಡಿದ್ದು ಬಂದರಿನ ಮೇಲಿನ ಗುಡ್ಡದಲ್ಲಿ, ಸಡಾದಲ್ಲಿ. ನಡೆಯಲಾರದ ಮಗಳನ್ನು ಇಟ್ಟುಕೊಂಡು ಗುಡ್ಡದ ಮೇಲೆ ಯಾಕೆ ಮನೆ ಮಾಡಿದೆ ಎಂದು ಅಪ್ಪನನ್ನು ಎಷ್ಟು ಸಲ ಕೇಳಿದರೂ ಒಂದೇ ಉತ್ತರ: "ಗಾಳಿ ಚಲೋ ಐತೆವಾ."

ಗಾಳಿಯಂತೂ ಚಲೋ ಇತ್ತು. ಅದಕ್ಕಿಂತ ಮಂದಿ ಚಲೋ ಇದ್ದರು. ಎದುರು ಮನೆಯ ದೊಡ್ಡವ್ವ ನಮಗೆ ರಕ್ತಸಂಬಂಧವೇನಲ್ಲ, ಆದರೆ ಇಡೀ ಓಣಿಗೆ ಅವಳು ದೊಡ್ಡವ್ವ. ಅವಳು ಬಾಗಿಲಲ್ಲಿ ನಿಂತು ಮಗನನ್ನು ಕರೆದರೆ ಕೆಳಗೆ ಹಡಗಿನವರು ತಿರುಗಿ ನೋಡುತ್ತಿದ್ದರು. ಮುಕಾದಮ ಎಂದರೆ ಅಪ್ಪನ ಹಮಾಲರ ಗ್ಯಾಂಗಿನ ಮುಖ್ಯಸ್ಥ. ಅವನ ಲೆಕ್ಕದಲ್ಲಿ ಜಗತ್ತಿನಲ್ಲಿ ಇರುವುದು ಎರಡೇ, ಎತ್ತಿದ್ದು ಮತ್ತು ಇನ್ನೂ ಎತ್ತಬೇಕಾದ್ದು. ತಿರುವಿನಲ್ಲಿ ಬೇಕರಿ ಇಟ್ಟಿದ್ದ ಗೋವಾದ ಕ್ರಿಸ್ತರ ಮುದುಕಿಯನ್ನು ಎಲ್ಲರೂ ಮಾಯಿ ಎನ್ನುತ್ತಿದ್ದೆವು. ನಮಗೆ ಪಾವು ಮಾರಿ ಮಾರಿ ಅವಳು ನಮ್ಮ ಕನ್ನಡ ಕಲಿತಿದ್ದಳು.

ಈ ಮೂವರೂ ಸೇರಿ ನನ್ನನ್ನು ನೆಲಕ್ಕೆ ತಾಗಗೊಡಲಿಲ್ಲ. ನನಗೆ ಬೇಕಾಗಿದ್ದದ್ದು ಒಂದೇ, ನನ್ನದು ಅಂತ ಒಂದು ಕೆಲಸ. ಅದು ಸಿಗುವಷ್ಟರಲ್ಲಿ ಇವರಿಂದ ಏನೇನಾಯಿತು ಎಂಬುದನ್ನು ಹೇಳುತ್ತೇನೆ.

ಕೊಡದ ಜಾಗದಲ್ಲಿ

ಕನ್ನಡ ಶಾಲೆ ನಮ್ಮ ಓಣಿಗಿಂತ ಮೇಲಿತ್ತು. ಅಪ್ಪ, ಅವ್ವ ನಸುಕಿನಲ್ಲೇ ಕೆಲಸಕ್ಕೆ ಹೋಗುತ್ತಿದ್ದರು. ಹೀಗಾಗಿ ನನ್ನನ್ನು ಶಾಲೆಗೆ ಮುಟ್ಟಿಸುವುದು ಓಣಿಯ ಹೆಂಗಸರ ಪಾಳಿ. ಯಾರೂ ಕೂತು ನೇಮ ಮಾಡಿದ್ದಲ್ಲ. ನಳಕ್ಕೆ ಪಾಳಿ ಇದ್ದ ಹಾಗೆ ನನಗೂ ಒಂದು ಪಾಳಿ ಬಂತು. ಒಂದು ದಿನ ಒಬ್ಬಳ ಬೆನ್ನು, ಮರುದಿನ ಇನ್ನೊಬ್ಬಳದು.

ಆವತ್ತು ದೊಡ್ಡವ್ವನ ಬೆನ್ನು. ನಳದ ಹತ್ತಿರ ಬರುವಾಗಲೇ ಹೇಳದೆ ಕೇಳದೆ ನೀರು ಬಂದುಬಿಟ್ಟಿತು. ಹೆಂಗಸರು ಓಡಿ ಬಂದು ಕೊಡ ಇಡತೊಡಗಿದರು. ದೊಡ್ಡವ್ವನ ಕೊಡ ಮನೆಯಲ್ಲಿ. ಅವಳು ಆಚೀಚೆ ನೋಡಿದಳು, ನನ್ನನ್ನು ಬೆನ್ನಿಂದ ಇಳಿಸಿದಳು, ಎರಡು ಕೊಡಗಳ ನಡುವೆ ಕೂಡಿಸಿದಳು.

"ಇಲ್ಲೇ ಕುಂದ್ರು. ಯಾರರ ಸರಸಾಕ ಬಂದ್ರ ಅಳು," ಎಂದು ಹೇಳಿ ಕೊಡ ತರಲು ಹೋದಳು.

ಹಿಂದಿದ್ದವಳು ತಕರಾರು ತೆಗೆದಳು. "ಕೊಡ ಇಟ್ರ ಪಾಳಿ. ಹುಡುಗಿ ಇಟ್ರ ಹೆಂಗ ಪಾಳಿ ಆಕ್ಕೈತಿ?"

ಇನ್ನೊಬ್ಬಳು ನ್ಯಾಯ ಹೇಳಿದಳು. "ಕೊಡ ತುಂಬಿದ ಮ್ಯಾಲೆ ಅದರ ಪಾಳಿ ಮುಗೀತೈತಿ. ಈ ಹುಡುಗಿ ಯಾವಾಗ ತುಂಬಬೇಕು?"

ಅವರ ನ್ಯಾಯ ಮುಗಿಯುವುದರೊಳಗೆ ದೊಡ್ಡವ್ವ ಬಂದು ಎರಡು ಕೊಡ ತುಂಬಿಕೊಂಡಳು. ಆಗಲೇ ಎಲ್ಲರಿಗೂ ತಿಳಿದದ್ದು, ಕೊಡವನ್ನು ಕಾಲಿನಿಂದ ಮೆಲ್ಲಗೆ ಹಿಂದೆ ಸರಿಸಬಹುದು, ನನ್ನನ್ನು ಸರಿಸಲು ಆಗುವುದಿಲ್ಲ ಎಂದು. ಮರುದಿನದಿಂದ ನನ್ನ ಕಿಮ್ಮತ್ತು ಏರಿತು. ನೀರು ಬರುವ ಹೊತ್ತಿಗೆ ನನ್ನನ್ನು ಶಾಲೆಗೆ ಒಯ್ಯಲು ಹೆಂಗಸರು ಜಗಳಾಡತೊಡಗಿದರು. ನಾನೂ ಬಲು ಠೀವಿಯಿಂದ ಕೂರುತ್ತಿದ್ದೆ. ಅದು ನನ್ನ ಮೊದಲ ನೌಕರಿ.

ಶಾಲೆಯಲ್ಲಿ ದಿನಾ ತಡ. ಒಂದು ದಿನ ಮಾಸ್ತರು ಕೇಳಿಯೇಬಿಟ್ಟರು. "ಯಾಕ ದಿನಾ ತಡ ಮಾಡ್ತಿ?"

"ನಳದ ಪಾಳಿಗೆ ನಿಂತಿದ್ದೆ ಸರ್."

"ನಿನಗ ನಿಂದ್ರಾಕ ಬರೂದಿಲ್ಲಲ್ಲ?"

"ಅದಕ್ಕ ನನ್ನ ಇಡ್ತಾರ ಸರ್. ಬ್ಯಾರೆ ಹುಡುಗ್ರನ್ನ ಇಟ್ರ ಎದ್ದು ಹೊಕ್ಕಾರ."

ಗಾಡಿಯ ಹಿಂದಿನ ಬೋರ್ಡು

ಶಾಲೆ ಮುಗಿದ ಮೇಲೆ ಒಂದು ಸೇವಾ ಸಂಸ್ಥೆಯವರು ನನಗೆ ಕೈಯಿಂದ ತಿರುಗಿಸುವ ಮೂರು ಗಾಲಿಯ ಗಾಡಿ ಕೊಟ್ಟರು. ಕೆಳಗೆ ವಾಸ್ಕೋದಲ್ಲಿ ಟೈಪಿಂಗ್ ಕ್ಲಾಸು ಇತ್ತು. ಟೈಪಿಂಗಿಗೆ ಕಾಲು ಬೇಡ, ಬೆರಳು ಸಾಕು. ಅಪ್ಪ ಹೋಗಿ ನನ್ನ ಹೆಸರು ಹಚ್ಚಿ ಬಂದ.

ಮೊದಲ ದಿನ ಬ್ರೇಕು ಹಿಡಿದು ಹಿಡಿದು, ಜೀವ ಕೈಯಲ್ಲಿ ಹಿಡಿದು ಇಳಿಜಾರು ಇಳಿದೆ. ಅರ್ಧಕ್ಕೆ ಬಂದಿದ್ದೆ, ಅಷ್ಟರಲ್ಲಿ ಕೆಲಸ ಮುಗಿಸಿದ ಹಮಾಲರ ಗ್ಯಾಂಗು ಎದುರಿಗೆ ಬಂತು. ಅಪ್ಪನದು ಆಗ ಬೇರೆ ಪಾಳಿ. ಮುಕಾದಮ ನನ್ನನ್ನು ನೋಡಿದ. ಎತ್ತಬೇಕಾದ್ದು ಒಂದು ಕಂಡಿತು.

"ಅಯ್ಯ, ನಮ್ಮ ಹುಡುಗಿ. ದೂಡ್ರಿ," ಅಂದ.

ಆರು ಮಂದಿ ಗಾಡಿ ತಿರುಗಿಸಿ ದೂಡಿದರು. ನಾನು "ಅಲ್ರಿ ಕಾಕಾ, ಅಲ್ರಿ ಕಾಕಾ" ಅನ್ನುತ್ತಿದ್ದೆ. ಹಮಾಲರು ಹೊರೆ ಎತ್ತುವಾಗ ಹಾಡುವ ಕೂಗು ಹಾಕುತ್ತಿದ್ದರು, ಅದರಲ್ಲಿ ನನ್ನ ದನಿ ಯಾರಿಗೆ ಕೇಳಬೇಕು? ಮನೆ ಮುಂದೆ ತಂದು ನಿಲ್ಲಿಸಿ, ಬೆವರು ಒರೆಸಿಕೊಂಡು ಹೋದರು. ಮರುದಿನವೂ ಅದೇ, ಅದರ ಮರುದಿನವೂ ಅದೇ. ಟೈಪಿಂಗ್ ಮಾಸ್ತರರ ಮುಖ ನಾನಿನ್ನೂ ನೋಡಿರಲಿಲ್ಲ.

ಕಡೆಗೆ ನಾನೇ ಒಂದು ತಗಡಿನ ಮೇಲೆ ಬಣ್ಣದಲ್ಲಿ ಬರೆದೆ: "ದಯವಿಟ್ಟು ಕೇಳದೆ ದೂಡಬೇಡಿ." ಗಾಡಿಯ ಹಿಂದೆ ಕಟ್ಟಿದೆ.

ಇಳಿದೆ. ಗ್ಯಾಂಗು ಬಂತು. ಇಡೀ ಗ್ಯಾಂಗಿನಲ್ಲಿ ಅಕ್ಷರ ಬರುತ್ತಿದ್ದದ್ದು ಮುಕಾದಮನಿಗೆ ಒಬ್ಬನಿಗೇ, ಅದೂ ಕೂಡಿಸಿ ಕೂಡಿಸಿ. ಅವನು ಬೋರ್ಡು ನೋಡಿದ. ಆದರೆ ಬೋರ್ಡು ಇದ್ದದ್ದು ಗಾಡಿಯ ಹಿಂದೆ, ಓದಬೇಕಾದರೆ ಗಾಡಿಯ ಹಿಂದೆ ನಿಲ್ಲಬೇಕು. ಗಾಡಿಯ ಹಿಂದೆ ನಿಂತ ಮೇಲೆ ಅವನ ಕೈ ಸುಮ್ಮನಿರಲಿಲ್ಲ. "ದ... ಯ... ವಿಟ್ಟು..." ಎಂದು ಓದುತ್ತಾ ದೂಡಿದ. "ಕೇ... ಳ... ದೆ..." ಅನ್ನುವಾಗ ತಿರುವು ದಾಟಿದೆವು. ಪೂರ್ತಿ ಓದಿ ಮುಗಿಸುವಷ್ಟರಲ್ಲಿ ನಮ್ಮ ಮನೆ ಬಂತು.

ಓದಿ ಮುಗಿಸಿದವನೇ ಕೆಂಡವಾದ. "ಯಾವ ಕಲ್ಲೆದಿಯವ ಬರದಾನೋ ಇದನ್ನ? ಪಾಪ, ಇಂಥಾ ಹುಡುಗಿ ಗಾಡಿ ಮ್ಯಾಲೆ ದೂಡಬ್ಯಾಡ್ರಿ ಅಂತ ಬರ್ಯಾಕ ಮನಸರ ಹೆಂಗ ಬಂತು?"

ತಗಡು ಕಿತ್ತು ಗುಡ್ಡದ ಕೆಳಗೆ ಒಗೆದ. ನನ್ನ ತಲೆ ಮೇಲೆ ಕೈ ಇಟ್ಟು ಧೈರ್ಯ ಹೇಳಿದ. "ಹೆದರಬ್ಯಾಡವಾ. ಯಾರು ಏನ ಬರದ್ರೂ ನಾವು ದೂಡೂದು ಬಿಡೂದಿಲ್ಲ."

ಮೂರು ಎಣ್ಣೆ

ಪಣಜಿ ಕಡೆಯ ದೊಡ್ಡ ಆಸ್ಪತ್ರೆಯಲ್ಲಿ ನನ್ನ ಕಾಲಿನ ಅಳತೆ ತೆಗೆದುಕೊಂಡರು. ಕಬ್ಬಿಣದ ಪಟ್ಟಿ, ಚರ್ಮದ ಬೆಲ್ಟು ಇರುವ ಕ್ಯಾಲಿಪರ್ ಮಾಡಿಕೊಡುತ್ತೇವೆ, ಕಂಕುಳಲ್ಲಿ ಕೋಲು ಹಿಡಿದರೆ ನಿಲ್ಲಬಹುದು, ನಾಲ್ಕು ಹೆಜ್ಜೆ ಇಡಲೂಬಹುದು ಎಂದರು. ತಯಾರಾಗಲು ಕೆಲವು ತಿಂಗಳು ಬೇಕು ಎಂದರು.

ಆ ಕೆಲವು ತಿಂಗಳು ಓಣಿ ಸುಮ್ಮನೆ ಕೂರುವುದೆಂತು? ದೊಡ್ಡವ್ವ ಎಲ್ಲಮ್ಮನ ಗುಡಿಯ ದೀಪದ ಎಣ್ಣೆ ತರಿಸಿದಳು. ಮುಕಾದಮ ದರ್ಗಾಕ್ಕೆ ನಡೆದುಕೊಳ್ಳುವವನು, ಅಲ್ಲಿಯ ಎಣ್ಣೆ ತಂದ. ಮಾಯಿ ಇಗರ್ಜಿಯಲ್ಲಿ ಪ್ರಾರ್ಥನೆ ಮಾಡಿಸಿದ ಎಣ್ಣೆಯನ್ನು ಸಣ್ಣ ಬಾಟಲಿಯಲ್ಲಿ ಕೊಟ್ಟಳು. ಮೂವರ ಷರತ್ತೂ ಒಂದೇ, ಇದರ ಜೊತೆ ಬೇರೆ ಏನೂ ಹಚ್ಚಕೂಡದು.

ಯಾರ ಮನಸ್ಸೂ ನೋಯಬಾರದು ಎಂದು ಅವ್ವ ಮುಂಜಾನೆ ಒಂದು, ಮಧ್ಯಾಹ್ನ ಒಂದು, ಸಂಜೆ ಒಂದು ಹಚ್ಚಿದಳು. ಮನೆಯ ನೆಲ ಹೇಗಾಯಿತೆಂದರೆ, ಕಾಲು ನೆಟ್ಟಗಿದ್ದ ಅಪ್ಪನೇ ಎರಡು ಸಲ ಜಾರಿ ಬಿದ್ದ.

ಕ್ಯಾಲಿಪರ್ ತೊಡಿಸುವ ದಿನ ಮೂವರೂ ನನ್ನ ಜೊತೆ ಆಸ್ಪತ್ರೆಗೆ ಬಂದರು. ಅಲ್ಲಿಯ ಕಾರಾಗೀರ ಬೆಲ್ಟು ಬಿಗಿದ, ಕೋಲು ಕೊಟ್ಟ, ಕೈ ಬಿಟ್ಟ. ನಾನು ನಿಂತೆ. ದೊಡ್ಡವ್ವ ನನ್ನ ಮುಂದೆ ನಿಂತಿದ್ದಳು. ಸಣ್ಣವಳಿದ್ದಾಗಿನಿಂದ ನಾನು ನೋಡಿದ್ದು ಅವಳ ಬೆನ್ನು; ಆವತ್ತು ಮೊದಲ ಸಲ ಅವಳ ಮುಖ ನನ್ನ ಮುಖದ ಸಮಕ್ಕೆ ಬಂತು. ಅವಳ ಕಣ್ಣಲ್ಲಿ ನೀರು, ನನ್ನ ಕಣ್ಣಲ್ಲೂ ನೀರು.

"ಎಲ್ಲಮ್ಮ ಕೈ ಬಿಡಲಿಲ್ಲ ನೋಡು," ಅಂದಳು.

"ದರ್ಗಾದ ಅಜ್ಜನ ದಯಾ ಅನ್ನು," ಅಂದ ಮುಕಾದಮ.

"ನಮ್ಮ ಮೇರಿ ಮಾತೆಗೆ, ಸಾಯ್ಬಿಣ ಮಾಯೆಗೆ ಮೇಣಬತ್ತಿ ಹಚ್ಚಿದ್ದು ನಾನು," ಅಂದಳು ಮಾಯಿ.

ಮಾತು ಬೆಳೆಯಿತು. ನಾನು ನಿಂತಲ್ಲೇ ಪಾಲು ಮಾಡಿದೆ. ಎಡಗಾಲು ಎಲ್ಲಮ್ಮಂದು, ಬಲಗಾಲು ಸಾಯ್ಬಿಣ ಮಾಯೆಯದು, ಕಂಕುಳ ಕೋಲು ದರ್ಗಾದ್ದು. ಮೂವರೂ ಒಪ್ಪಿದರು. ಕಾರಾಗೀರ ಪಾಪ, ಮೂರು ತಿಂಗಳು ಕಬ್ಬಿಣ ಬಡಿದವನು. ಮೆಲ್ಲಗೆ ಕೇಳಿದ, "ಹಾಗಾದ್ರೆ ನಾನೇನು ಮಾಡಿದೆ?"

ದೊಡ್ಡವ್ವ ದೊಡ್ಡ ಮನಸ್ಸು ಮಾಡಿದಳು. "ಬೆಲ್ಟು ನಿಮ್ಮದ ಇರಲಿ ತಗೋರಿ."

ಮಳಿ ಆತೇನ್ರಿ

ತೊಂಬತ್ತರ ದಶಕ ಬಂತು, ಊರಲ್ಲೆಲ್ಲ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಬಂದವು. ಅಂಗವಿಕಲರಿಗೆ ಬೂತು ಕೊಡುತ್ತಾರೆ ಎಂದು ತಿಳಿದು ಅರ್ಜಿ ಹಾಕಿದೆ. ಸಿಕ್ಕಿತು. ಬೇಕರಿಯಿಂದ ಸ್ವಲ್ಪ ಕೆಳಗೆ ಶಟರ್ ಇರುವ ಒಂದು ಗೂಡಿನಂಥ ಅಂಗಡಿ, ಒಂದು ಮೇಜು, ಒಂದು ಫೋನು, ಒಳಗೆ ನಾನು. ಮೊದಲ ದಿನ ಕುರ್ಚಿಯಲ್ಲಿ ಕೂತು ಮೇಜನ್ನು ಎರಡು ಸಲ ಒರೆಸಿದೆ. ಇದು ನನ್ನದು, ಯಾರೂ ಎತ್ತಿ ಕೊಟ್ಟದ್ದಲ್ಲ ಅನ್ನಿಸಿತು.

ಗಿರಾಕಿಗಳ ಚಿಂತೆ ನನಗಿಂತ ಮುಕಾದಮನಿಗೆ ಜಾಸ್ತಿ. ಗ್ಯಾಂಗಿಗೆ ಹುಕುಂ ಮಾಡಿದ: ಪ್ರತಿ ರವಿವಾರ ಪ್ರತಿಯೊಬ್ಬರೂ ಊರಿಗೆ ಫೋನು ಮಾಡಬೇಕು. ಗ್ಯಾಂಗಿನಲ್ಲಿ ಒಬ್ಬ ತಂದೆ, ತಾಯಿ, ಬಂಧು, ಬಳಗ ಯಾರೂ ಇಲ್ಲದವನಿದ್ದ.

"ನಾ ಯಾರಿಗಿ ಮಾಡ್ಲಿರಿ?" ಅಂದ.

"ಯಾರಿಗ್ಯರ ಮಾಡು. ಹುಡುಗಿ ಧಂದೇ ನಡೀಬೇಕು."

ಅವನು ತನ್ನ ಜೊತೆಗಾರನ ಹಳ್ಳಿಯ ಕಿರಾಣಿ ಅಂಗಡಿಯ ನಂಬರು ಇಸಿದುಕೊಂಡು ಹಚ್ಚಿಸಿದ. ಆ ಕಡೆ ಅಂಗಡಿಯವ ಎತ್ತಿದ. ಇವನಿಗೆ ಏನು ಮಾತಾಡಬೇಕೋ ತಿಳಿಯಲಿಲ್ಲ.

"ಮಳಿ ಆತೇನ್ರಿ?" ಅಂದ.

"ಇಲ್ಲ. ಯಾರಪಾ ನೀನು?"

"ಯಾರೂ ಅಲ್ರಿ. ಫೋನ್ ಮಾಡು ಅಂತ ನಮ್ಮ ಮುಕಾದಮರು ಹೇಳ್ಯಾರ."

ಮರುವಾರವೂ ಮಳಿ ಆತೇನ್ರಿ, ಅದರ ಮರುವಾರವೂ ಮಳಿ ಆತೇನ್ರಿ. ಬೇಸಗೆಯಲ್ಲೂ ಅದೇ. ಅಂಗಡಿಯವನಿಗೆ ರೂಢಿಯಾಯಿತು. ಫೋನು ಎತ್ತಿದ ಕೂಡಲೇ ಅವನೇ "ಇಲ್ಲಪಾ, ಇನ್ನೂ ಇಲ್ಲ" ಎನ್ನುತ್ತಿದ್ದ. ಒಂದು ರವಿವಾರ ಇವನಿಗೆ ಜ್ವರ, ಫೋನು ಮಾಡಲಿಲ್ಲ. ಆ ಕಡೆಯಿಂದಲೇ ಫೋನು ಬಂತು: "ನಿಮ್ಮ ಮಳಿ ಹುಡುಗ ಆರಾಮ ಅದಾನಿಲ್ಲ?" ಯಾರೂ ಇಲ್ಲದವನನ್ನು ವಿಚಾರಿಸಲು ಒಬ್ಬರು ಹುಟ್ಟಿಕೊಂಡಿದ್ದರು.

ಎರಡು ವರ್ಷದಲ್ಲಿ ಅಂಗಡಿಯವ ತನ್ನ ತಂಗಿಯ ಮಗಳನ್ನು ಅವನಿಗೇ ಕೊಟ್ಟು ಮದುವೆ ಮಾಡಿದ. ಅಕ್ಷತೆ ಹಾಕಿ ಬಂದ ಮುಕಾದಮ ಸೀದಾ ನನ್ನ ಬೂತಿಗೆ ಬಂದ. "ಚಿಂತಿಲ್ಲವಾ. ಇನ್ನ ಅತ್ತೀ ಮನಿ ಆತು, ವಾರಕ್ಕ ಎರಡು ಫೋನು ಗ್ಯಾರಂಟಿ."

ಅರ್ಧ ಗಂಟೆ

ಇಷ್ಟರಲ್ಲಿ ಒಂದು ಸುದ್ದಿ ಬಂತು. ಕೆಲವು ಕಡೆ ಅಂಗವಿಕಲರ ಹೆಸರಿನಲ್ಲಿ ಬೂತು ತೆಗೆದುಕೊಂಡು ಬೇರೆಯವರೇ ನಡೆಸುತ್ತಿದ್ದರಂತೆ. ಅದಕ್ಕೆ ಒಬ್ಬ ಸಾಹೇಬರು ಬೂತು ಬೂತಿಗೆ ಬಂದು ನೋಡುತ್ತಾರೆ; ಬೂತನ್ನು ನಾನೇ ನಡೆಸುತ್ತೇನೆ ಎಂದು ಅವರಿಗೆ ಖಾತ್ರಿಯಾಗದಿದ್ದರೆ ವಾಪಸು ತೆಗೆದುಕೊಳ್ಳುತ್ತಾರೆ. ಈ ಕುರ್ಚಿ ಹೋದರೆ ನಾನು ಮತ್ತೆ ಓಣಿಯ ಹೊರೆ.

ದೊಡ್ಡವ್ವನ ಮನೆ ಮುಂದೆ ಓಣಿಯ ಸಭೆ ಸೇರಿತು. ದೊಡ್ಡವ್ವನ ವಾದ: ಸಾಹೇಬರಿಗೆ ಕನಿಕರ ಬರಬೇಕು, ಹುಡುಗಿಗೆ ಏನೂ ಆಗುವುದಿಲ್ಲ ಅನ್ನಬೇಕು. ಮುಕಾದಮನ ವಾದ: ಹುಡುಗಿ ಗಟ್ಟಿ ಇದ್ದಾಳೆ ಅನ್ನಬೇಕು. ಒಮ್ಮತ ಆಗಲಿಲ್ಲ. ಮಾಯಿ ಒಬ್ಬಳೇ, "ನೀವು ಏನರ ಅನ್ರಿ, ನಾ ಕೇಕ್ ಮಾಡ್ತೇನಿ" ಎಂದು ಎದ್ದು ಹೋದಳು.

ಸಾಹೇಬರು ಜೀಪಿನಲ್ಲಿ ಬಂದರು. ಕಾರವಾರ ಕಡೆಯವರು, ಕನ್ನಡ ಬರುತ್ತಿತ್ತು. ಬರದಿದ್ದರೆ ಚಲೋ ಇತ್ತು. ಅವರು ಬಾಯಿ ತೆರೆಯುವ ಮೊದಲೇ ದೊಡ್ಡವ್ವ ಸೆರಗು ಕಣ್ಣಿಗೆ ಒತ್ತಿಕೊಂಡಳು.

"ಈಕಿಗಿ ಏನೂ ಆಗೂದಿಲ್ರಿ ಸಾಹೇಬ್ರ. ಕೆಳಗ ಬಿದ್ದದ್ದು ಎತ್ತಾಕ ಆಗೂದಿಲ್ಲ. ತುತ್ತು ಮಾಡಿ ನಾನ ಉಣಸ್ತೇನಿ."

"ಖೊಟ್ಟಿ ಮಾತು ಸಾಹೇಬ್ರ," ಅಂದ ಮುಕಾದಮ. "ಈಕಿನ್ನ ನಮ್ಮ ಗ್ಯಾಂಗಿಗಿ ಹಚ್ಚಿದ್ರ ಸಿಮೆಂಟ್ ಚೀಲಾ ಹೊರ್ತಾಳ."

ಓಣಿ ಎರಡು ಪಾಲಾಯಿತು. ಅರ್ಧ ಮಂದಿಯ ಪ್ರಕಾರ ನಾನು ನೊಣ ಹೊಡೆಯಲಾರದವಳು, ಉಳಿದರ್ಧದ ಪ್ರಕಾರ ಕಬಡ್ಡಿಗೆ ಲಾಯಕ್ಕು. ಸಾಹೇಬರು ತಲೆ ಹಿಡಿದುಕೊಂಡರು.

"ನೋಡ್ರಿ, ಈಕೆಗೆ ಏನೂ ಬರೋದಿಲ್ಲ ಅಂದ್ರೆ ಬೂತು ಬೇರೆ ಯಾರೋ ನಡೆಸ್ತಾ ಇದ್ದಾರೆ ಅಂತ ಅರ್ಥ. ಸಿಮೆಂಟ್ ಹೊರ್ತಾಳೆ ಅಂದ್ರೆ ಈಕೆಗೆ ಬೂತು ಕೊಟ್ಟಿದ್ದೇ ತಪ್ಪು. ಎರಡರಲ್ಲಿ ಯಾವುದು ಬರ್ಕೊಳ್ಳಲಿ?"

ದೊಡ್ಡವ್ವ ಮುಕಾದಮನ ಮುಖ ನೋಡಿದಳು, ಮುಕಾದಮ ದೊಡ್ಡವ್ವನ ಮುಖ ನೋಡಿದ. ಇವರ ಪ್ರೀತಿಯೇ ನನ್ನ ಬೂತು ನುಂಗುವ ಹಾಗಾಗಿತ್ತು. ಅಷ್ಟರಲ್ಲಿ ಮಾಯಿ ಕೇಕಿನ ತಟ್ಟೆ ಹಿಡಿದು ಬಂದಳು. "ಕೆಲಸ ಮುಗೀಲಿ, ಆಮೇಲೆ ನಿಮ್ಮಲ್ಲಿಗೇ ಬರ್ತೀನಿ," ಎಂದು ಸಾಹೇಬರು ಅವಳನ್ನು ಕಳಿಸಿದರು. ಆಮೇಲೆ ಎಲ್ಲರಿಗೂ ಹೇಳಿದರು, "ಎಲ್ಲಾರೂ ರಸ್ತೆ ಆಚೆ ಹೋಗಿ. ಅರ್ಧ ಗಂಟೆ ನಾನು ಇಲ್ಲಿ ನಿಂತು ನೋಡ್ತೀನಿ. ಯಾರೂ ಈಕೆಗೆ ಸಹಾಯ ಮಾಡಕೂಡದು."

ನಮ್ಮ ಓಣಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾವ ಕೋರ್ಟೂ ಕೊಟ್ಟಿರಲಿಲ್ಲ. ರಸ್ತೆ ಆಚೆ ಸಾಲಾಗಿ ನಿಂತರು. ಮುಕಾದಮ ತನ್ನ ಎರಡೂ ಕೈಯನ್ನು ಕಂಕುಳಲ್ಲಿ ಸಿಗಿಸಿಕೊಂಡ. ದೊಡ್ಡವ್ವ ಸೆರಗು ಕಚ್ಚಿಕೊಂಡಳು.

ಗಿರಾಕಿಗಳು ಬಂದರು. ಗದಗಕ್ಕೆ ಹಚ್ಚಿ ಕೊಟ್ಟೆ, ಬಾದಾಮಿಗೆ ಹಚ್ಚಿ ಕೊಟ್ಟೆ. ಲೈನು ಸಿಗದವನಿಗೆ ಸಮಾಧಾನ ಹೇಳಿದೆ. ಎಲ್ಲಾ ಸುಸೂತ್ರ ನಡೆದಿತ್ತು. ಚಿಲ್ಲರೆ ಕೊಡುವಾಗ ಮೊಣಕೈ ತಾಗಿ ಪೆನ್ನು ಕೆಳಗೆ ಬಿತ್ತು. ರಸ್ತೆ ಆಚೆ ಇಡೀ ಓಣಿ ಒಂದು ಹೆಜ್ಜೆ ಮುಂದಿಟ್ಟು, ಒಂದು ಹೆಜ್ಜೆ ಹಿಂದೆ ಸರಿಯಿತು.

ಸಾಹೇಬರೂ ಮನುಷ್ಯರೇ ತಾನೆ? ಗೊತ್ತಿಲ್ಲದೆ ಬಗ್ಗಿದರು, ಪೆನ್ನು ಎತ್ತಿ ನನ್ನ ಮುಂದೆ ಹಿಡಿದರು.

"ಸಾಹೇಬ್ರ," ಎಂದು ಗುಡ್ಡ ಅದುರುವ ಹಾಗೆ ಕೂಗಿದಳು ದೊಡ್ಡವ್ವ. "ನಮಗ ಬ್ಯಾಡಂತ ಹೇಳಿ ನೀವ್ಯಾಕ ಎತ್ತಿ ಕೊಟ್ರಿ? ಆಕಿ ಪೆನ್ನು ಆಕಿ ತಗೋತಾಳ. ಎಲ್ಲಿತ್ತೋ ಅಲ್ಲೇ ಇಡ್ರಿ."

"ಹೌದ್ರಿ, ಇದು ನಡಿಯಂಗಿಲ್ಲ," ಅಂದ ಮುಕಾದಮ. "ಆಮ್ಯಾಲೆ ನೀವ ಬೂತು ನಡಸ್ತೀರಂತ ಆಗ್ತೈತಿ." ಆವತ್ತಿನ ಮಟ್ಟಿಗೆ ಇಬ್ಬರೂ ಒಪ್ಪಿದ ಮಾತು ಅದೊಂದೇ.

ಸಾಹೇಬರು ಕೆಂಪಗಾದರು. ಬಗ್ಗಿ, ಪೆನ್ನು ಬಿದ್ದಿದ್ದ ಜಾಗ ಹುಡುಕಿ, ಅಲ್ಲೇ ಇಟ್ಟು, ಕೈ ಹಿಂದೆ ಕಟ್ಟಿ ನಿಂತರು. ನಾನು ಕೋಲಿನಿಂದ ಪೆನ್ನನ್ನು ಕುರ್ಚಿಯ ಹತ್ತಿರ ಎಳೆದುಕೊಂಡೆ, ಮೇಜು ಹಿಡಿದು ಬಗ್ಗಿದೆ, ಎತ್ತಿಕೊಂಡೆ. ದಿನಕ್ಕೆ ಹತ್ತು ಸಲ ಮಾಡುವ ಕೆಲಸ. ಆದರೆ ತಲೆ ಎತ್ತಿ ನೋಡಿದರೆ ಆಚೆ ನಿಂತವರೆಲ್ಲ ಕಣ್ಣು ಒರೆಸಿಕೊಳ್ಳುತ್ತಿದ್ದರು. ಇಷ್ಟು ವರ್ಷ ಎತ್ತಿದವರು ಆವತ್ತು ನನಗೋಸ್ಕರ ಕೈ ಕಟ್ಟಿ ನಿಂತಿದ್ದರು. ಅವರ ಋಣ ಹೇಗೆ ತೀರಿಸಲಿ ಅನ್ನಿಸಿತು.

"ಅಜ್ಜೀ, ಬಿದ್ದದ್ದು ಎತ್ತೋಕಾಗಲ್ಲ ಅಂತ ಆಗ ನೀವೇ ಹೇಳಿದ್ರಲ್ಲ?" ಅಂದರು ಸಾಹೇಬರು.

"ಅದು ನಿಮಗ ಹೇಳಿದ್ದು," ಅಂದಳು ದೊಡ್ಡವ್ವ. "ಆಕಿಗಿ ಹೇಳಿದ್ದಲ್ಲ."

ಸಾಹೇಬರು ನಕ್ಕುಬಿಟ್ಟರು. ಬೂತು ನನ್ನದೇ, ಯಾರೂ ಮುಟ್ಟುವುದಿಲ್ಲ ಎಂದರು. ಓಣಿ ಹೋ ಎಂದಿತು. ಹೊಸ ಮದುಮಗನನ್ನು ಕರೆದೊಯ್ದ ಹಾಗೆ ಸಾಹೇಬರನ್ನು ಮೆರವಣಿಗೆಯಲ್ಲಿ ಮಾಯಿಯ ಬೇಕರಿಗೆ ಕರೆದೊಯ್ದರು. ಅರ್ಧ ಗಂಟೆ ಕಟ್ಟಿಹಾಕಿದ ಕೈಗಳು ಬೇರೆ. ಹೋಗುವವರು ಸುಮ್ಮನೆ ಹೋದರೆ? ಒಬ್ಬಳು ಬಾಗಿಲ ಮುಂದಿನ ಕಸ ಹೊಡೆದಳು, ಒಬ್ಬ ಹೊರಗಿನಿಂದಲೇ ಕೈ ಚಾಚಿ ದೀಪ ಆರಿಸಿದ, ಮುಕಾದಮ ಶಟರ್ ಎಳೆದು ಬೀಗ ಜಡಿದು, ಕೀಲಿ ಕಿಸೆಗೆ ಹಾಕಿಕೊಂಡು ಹೋದ.

ನಾನು ಒಳಗೇ ಇದ್ದೆ, ಮೇಜಿನ ಹಿಂದೆ ಬಗ್ಗಿ ಉರುಳಿದ ಚಿಲ್ಲರೆ ಆರಿಸುತ್ತಾ. ನನ್ನನ್ನು ಪಾಳಿಯ ಮೇಲೆ ಎತ್ತಿ ರೂಢಿಯಾದ ಮಂದಿ, ಇನ್ಯಾರೋ ಎತ್ತಿಕೊಂಡಿದ್ದಾರೆ ಎಂದು ಪ್ರತಿಯೊಬ್ಬರೂ ತಿಳಿದಿದ್ದರು. ಶಟರ್ ಬಡಿದೆ. ಮೆರವಣಿಗೆಯ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಕತ್ತಲಲ್ಲಿ ಬೆರಳಿನಿಂದಲೇ ಅಂಕಿ ತಡವಿ ಬೇಕರಿಗೆ ಫೋನು ಹಚ್ಚಿದೆ. ಮಾಯಿ ಎತ್ತಿದಳು. ಹಿಂದೆ ಚಹಾದ ಕಪ್ಪು ಬಸಿಗಳ ಸಪ್ಪಳ, ಅದರ ಮೇಲೆ ದೊಡ್ಡವ್ವನ ದನಿ: "ಎಲ್ಲಾ ತಾನ ಮಾಡ್ಕೋತಾಳ್ರಿ ಸಾಹೇಬ್ರ. ಯಾರ ಹಂಗೂ ಬೇಕಾಗಿಲ್ಲ ಆಕಿಗಿ."

ಅಲ್ಲಿಯವರೆಗೆ ನಾನು ಬಾಯಿಬಿಟ್ಟು ಯಾರನ್ನೂ ಸಹಾಯ ಕೇಳಿದವಳಲ್ಲ. ಕೇಳುವಷ್ಟು ಪುರಸೊತ್ತನ್ನು ನಮ್ಮ ಓಣಿ ಎಂದೂ ಕೊಟ್ಟಿರಲಿಲ್ಲ. ಆವತ್ತು ಮೊದಲ ಸಲ ಕೇಳಿದೆ.

"ಮಾಯಿ, ನನ್ನ ಒಳಗಿಟ್ಟು ಬೀಗಾ ಹಾಕ್ಯಾರ. ಸ್ವಲ್ಪ ಬಂದು ತೆಗಸ್ರಿ," ಅಂದೆ. "ಅವಸರ ಏನೂ ಇಲ್ಲ. ಸಾಹೇಬ್ರು ಕೇಕ್ ತಿಂದು ಹೋಗ್ಲಿ, ಆಮ್ಯಾಲೆ ಬರ್ರಿ."